ಟಿ-ಟೆಸ್ಟ್ ಮಾಡುವ ಮೊದಲು ಡೇಟಾ ಹೇಗೆ ಬಂತು ನೋಡಿ

ಎರಡು ಗುಂಪಿನ ಸರಾಸರಿ ಹೋಲಿಸಲು ಟಿ-ಟೆಸ್ಟ್ ಮಾಡಬೇಕು ಅಂದ ಕೂಡಲೇ ತುಂಬಾ ಜನ ನಾರ್ಮಾಲಿಟಿ ಟೆಸ್ಟ್‌ಗೆ (ಅಂಕಿಗಳು ಗಂಟೆಯಾಕಾರದಲ್ಲಿ ಹರಡಿವೆಯಾ ಅನ್ನುವ ಪರೀಕ್ಷೆ) ಓಡುತ್ತಾರೆ. ಅದು ಆಮೇಲಿನ ಮಾತು. ಒಂದು ಅಳತೆಗೂ ಇನ್ನೊಂದಕ್ಕೂ ಸಂಬಂಧ ಇದೆಯಾ ಅನ್ನೋದನ್ನು ಮೊದಲು ನೋಡಿ.

ಆರ್ ಅನ್ನುವ ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ‘ಸ್ಲೀಪ್’ ಅನ್ನುವ ಪುಟ್ಟ ಡೇಟಾ ಇದೆ. ಗಿನ್ನೆಸ್ ಬಿಯರ್ ಕಂಪನಿಯಲ್ಲಿದ್ದ ವಿಲಿಯಂ ಗಾಸೆಟ್ ‘ಸ್ಟೂಡೆಂಟ್’ ಅನ್ನುವ ಹೆಸರಲ್ಲಿ 1908ರಲ್ಲಿ ಬರೆದ ಲೇಖನದಲ್ಲೂ ಇದೇ ಅಂಕಿಗಳಿವೆ. ಹತ್ತು ರೋಗಿಗಳು, ಎರಡು ನಿದ್ದೆ ಔಷಧಿ. ಒಂದರಿಂದ ಸರಾಸರಿ 0.75 ಗಂಟೆ ಜಾಸ್ತಿ ನಿದ್ದೆ ಬಂತು, ಇನ್ನೊಂದರಿಂದ 2.33 ಗಂಟೆ. ಇವು ಬೇರೆ ಬೇರೆ ಜನರ ಗುಂಪು ಅಂದುಕೊಂಡು ಟೆಸ್ಟ್ ಮಾಡಿದರೆ ಪಿ (ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಕಾಣುವ ಸಂಭವ) 0.079 ಬರುತ್ತದೆ. ಆದರೆ ಎರಡೂ ಔಷಧಿ ಕೊಟ್ಟಿದ್ದು ಅದೇ ಹತ್ತು ಜನಕ್ಕೆ ಅಲ್ವಾ? ಪೇರ್ಡ್ ಟೆಸ್ಟ್ (ಒಬ್ಬೊಬ್ಬರ ಎರಡು ಅಂಕಿ ಕಳೆದು ಆ ವ್ಯತ್ಯಾಸಗಳನ್ನು ನೋಡುವುದು) ಮಾಡಿ, ಪಿ 0.0028ಕ್ಕೆ ಇಳಿಯುತ್ತದೆ, ಯಾಕೆಂದರೆ ಒಬ್ಬರಿಗೆ ಸುಲಭವಾಗಿ ನಿದ್ದೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ, ಆ ವ್ಯತ್ಯಾಸವೆಲ್ಲ ಕಳೆಯುವಾಗ ಹೊರಟುಹೋಗುತ್ತದೆ.

ಸಂಬಂಧ ಮರೆತರೆ ಇದರ ಉಲ್ಟಾನೂ ಆಗಬಹುದು, ಇಲ್ಲದ ವ್ಯತ್ಯಾಸ ಇದೆ ಅಂತ ಕಾಣಬಹುದು, ಅದು ಇನ್ನೂ ಅಪಾಯ. ಒಂದು ತಾಕಿಗೆ ಒಂದು ಗೊಬ್ಬರ, ಪಕ್ಕದ ತಾಕಿಗೆ ಇನ್ನೊಂದು, ಎರಡರಲ್ಲೂ ಇಪ್ಪತ್ತಿಪ್ಪತ್ತು ರಾಗಿ ತೆನೆ ತೂಗಿದಿರಿ ಅಂತಿಟ್ಟುಕೊಳ್ಳಿ. ಒಂದೊಂದು ಗೊಬ್ಬರಕ್ಕೆ ಎನ್ (ಸ್ವತಂತ್ರ ಅಳತೆಗಳ ಸಂಖ್ಯೆ) ಇಪ್ಪತ್ತಲ್ಲ, ಒಂದೇ! ಗೊಬ್ಬರ ಹಾಕಿದ್ದು ತಾಕಿಗೆ, ತೆನೆಗಲ್ಲ. ತಾಕುಗಳು ಹಲವಿದ್ದರೆ ಒಂದೊಂದರ ಸರಾಸರಿ ತೆಗೆದು ಅವುಗಳ ಮೇಲೆ ಟೆಸ್ಟ್ ಮಾಡಿ. ಎರಡೇ ಇದ್ದರೆ ಯಾವ ಸಾಫ್ಟ್‌ವೇರೂ ಕಾಪಾಡುವುದಿಲ್ಲ. ಬಿತ್ತನೆಗೆ ಮೊದಲೇ ಇದನ್ನು ಯೋಚಿಸಿ, ದಯವಿಟ್ಟು.

ಹರಡುವಿಕೆ (ಅಂಕಿಗಳು ಸರಾಸರಿಯಿಂದ ಎಷ್ಟು ಚೆದುರಿವೆ ಅನ್ನೋದು) ಎರಡೂ ಗುಂಪಲ್ಲಿ ಒಂದೇ ಇರಬೇಕು ಅನ್ನುವ ಷರತ್ತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸುಮ್ನೆ ವೆಲ್ಚ್ ಟೆಸ್ಟ್ ಮಾಡಿ, ಅದು ಈ ಷರತ್ತು ಬೇಡದ ಟಿ-ಟೆಸ್ಟ್. ಚಿಕ್ಕ ಗುಂಪಿನಲ್ಲಿ ಹರಡುವಿಕೆ ದೊಡ್ಡದಿದ್ದರೆ ಹಳೆಯ ಟಿ-ಟೆಸ್ಟ್ ಇಲ್ಲದ ವ್ಯತ್ಯಾಸವನ್ನು ಇದೆ ಅಂತ ತೋರಿಸುವುದು ಹೆಚ್ಚು. ಆರ್ ತಾನಾಗೇ ವೆಲ್ಚ್ ಮಾಡುತ್ತದೆ. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಎರಡು ಸಾಲು ಕೊಡುತ್ತದೆ, ಕೆಳಗಿನದು ವೆಲ್ಚ್, ಅದನ್ನು ಓದಿ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಮಾತ್ರ ‘ಈಕ್ವಲ್ ವೇರ್’ ಅನ್ನೋದನ್ನು ನೀವೇ ‘ಫಾಲ್ಸ್’ ಮಾಡಬೇಕು. ಮೂರು ಅಥವಾ ಜಾಸ್ತಿ ಗುಂಪಿದ್ದರೆ ವೆಲ್ಚ್ ಅನೋವಾ ಇದೆ.

ಇನ್ನು ನಾರ್ಮಾಲಿಟಿ. ಎರಡೂ ಗುಂಪು ಸೇರಿದ ಇಡೀ ಕಾಲಂ ತೆಗೆದು ಶಾಪಿರೊ-ವಿಲ್ಕ್ ಅನ್ನುವ ನಾರ್ಮಾಲಿಟಿ ಟೆಸ್ಟ್‌ಗೆ ಹಾಕಬೇಡಿ. ಗುಂಪುಗಳ ಸರಾಸರಿ ದೂರ ದೂರ ಇದ್ದರೆ ಹಿಸ್ಟೋಗ್ರಾಂನಲ್ಲಿ ಎರಡು ದಿಬ್ಬ ಬಂದೇ ಬರುತ್ತದೆ, ಅದು ದೋಷವಲ್ಲ. ಪ್ರತಿ ಅಂಕಿಯಿಂದ ಅದರ ಗುಂಪಿನ ಸರಾಸರಿ ಕಳೆದು, ಉಳಿದದ್ದರ ಕ್ಯೂ-ಕ್ಯೂ ಪ್ಲಾಟ್ ನೋಡಿ (ಪೇರ್ಡ್ ಆದರೆ ವ್ಯತ್ಯಾಸಗಳದ್ದು). ಡೇಟಾ ನಾರ್ಮಲ್ ಆಗಿದ್ದರೆ ಚುಕ್ಕಿಗಳು ನೇರ ಗೆರೆಯ ಮೇಲೆ ಬರುವ ಚಿತ್ರ ಅದು. ಚುಕ್ಕಿಗಳು ಹೆಚ್ಚು ಕಡಿಮೆ ಗೆರೆಯ ಮೇಲಿದ್ದರೆ ಸಾಕು. ಡೇಟಾ ಕಡಿಮೆ ಇದ್ದಾಗ ಶಾಪಿರೊ ಏನನ್ನೂ ಹಿಡಿಯುವುದಿಲ್ಲ, ಸಾವಿರಾರು ಇದ್ದಾಗ ಚಿಲ್ಲರೆ ವಿಷಯಕ್ಕೂ ಕೂಗುತ್ತದೆ.

ಪ್ಲಾಟ್ ತೀರಾ ಸೊಟ್ಟಗಿದ್ದರೆ ಮ್ಯಾನ್-ವಿಟ್ನಿ ಅನ್ನುವ ಟೆಸ್ಟ್ ಮಾಡಬಹುದು. ಆದರೆ ಅದು ಸರಾಸರಿ ಹೋಲಿಸುವುದಿಲ್ಲ, ಒಂದು ಗುಂಪಿನ ಅಂಕಿಗಳು ಇನ್ನೊಂದಕ್ಕಿಂತ ಮೇಲಿರುತ್ತವಾ ಅಂತ ನೋಡುತ್ತದೆ, ವರದಿಯಲ್ಲಿ ಹಾಗೆಯೇ ಬರೆಯಿರಿ.