ಎರಡು ವರ್ಷದ್ದಾ, ನಾಲ್ಕು ವರ್ಷದ್ದಾ? ಅಮೆರಿಕದಲ್ಲಿ ನರ್ಸಿಂಗ್ ಓದಬೇಕು ಅನ್ನುವವರಿಗೆ

"ಅಕ್ಕಾ, ಎರಡು ವರ್ಷದ್ದು ಮಾಡ್ಲಾ, ನಾಲ್ಕು ವರ್ಷದ್ದು ಮಾಡ್ಲಾ?" ಮದುವೆಯಾಗಿ ಇಲ್ಲಿಗೆ ಬಂದು, ಮನೆ ಮಕ್ಕಳು ಅಂತ ನಾಲ್ಕೈದು ವರ್ಷ ಕಳೆದು, ಈಗ ಏನಾದರೂ ಓದೋಣ ಅನ್ನಿಸಿದ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ನಾನು ಊರಲ್ಲಿ ಬಿಕಾಂ ಮಾಡಿದವಳು. ಇಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಫೀಸಿನ ಸ್ಥಳೀಯ ಸರ್ಕಾರಿ ಕಾಲೇಜು) ಎಡಿಎನ್ ಮುಗಿಸಿ, ಆಸ್ಪತ್ರೆ ಸೇರಿ, ಆಮೇಲೆ ನಿಧಾನಕ್ಕೆ ಬಿಎಸ್‌ಎನ್ ಮಾಡಿಕೊಂಡೆ. ಎರಡೂ ದಾರಿ ನೋಡಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಎಡಿಎನ್ ಅಂದರೆ ನರ್ಸಿಂಗ್‌ನಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಬಿಎಸ್‌ಎನ್ ಅಂದರೆ ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿ. ನಮ್ಮ ಕಡೆಯ ಜಿಎನ್‌ಎಂ ಮತ್ತು ಬಿಎಸ್ಸಿ ನರ್ಸಿಂಗ್ ಥರ ಅಂದುಕೊಂಡರೆ ಅರ್ಧ ಸರಿ. ಅರ್ಧ ಯಾಕೆ ಅಂದರೆ ಜಿಎನ್‌ಎಂ ಡಿಪ್ಲೊಮಾ, ಎಡಿಎನ್ ಮಾತ್ರ ಕಾಲೇಜು ಡಿಗ್ರಿನೇ, ಒಂದೊಂದು ವಿಷಯ ಪಾಸಾದಾಗ ಸಿಗುವ ಅದರ ಕ್ರೆಡಿಟ್‌ಗಳು ಮುಂದೆ ಬಿಎಸ್‌ಎನ್‌ಗೆ ಲೆಕ್ಕಕ್ಕೆ ಬರುತ್ತವೆ.

ಎರಡೂ ಥರದವರು ಬರೆಯುವ ಲೈಸೆನ್ಸ್ ಪರೀಕ್ಷೆ ಒಂದೇ, ಎನ್‌ಕ್ಲೆಕ್ಸ್-ಆರ್‌ಎನ್. 85ರಿಂದ 150 ಪ್ರಶ್ನೆ, 5 ಗಂಟೆ ಸಮಯ, ನೀವು ಉತ್ತರಿಸಿದ ಹಾಗೆ ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸಿ ಕೊಡುತ್ತದೆ. ಪಾಸಾದರೆ ಇಬ್ಬರೂ ರಿಜಿಸ್ಟರ್ಡ್ ನರ್ಸ್, ಅಂದರೆ ಆರ್‌ಎನ್. ವಾರ್ಡಿನಲ್ಲಿ ಕೆಲಸವೂ ಅದೇ.

ಹಾಗಾದರೆ ಎರಡೇ ವರ್ಷದ್ದು ಸಾಕಲ್ವಾ ಅಂತ ಕೇಳುತ್ತೀರಿ. ಸ್ವಲ್ಪ ತಡೆಯಿರಿ.

ಆ "ಎರಡು ವರ್ಷ" ಅನ್ನುವುದೇ ಅರ್ಧ ಸುಳ್ಳು. ನರ್ಸಿಂಗ್ ಕ್ಲಾಸು ನಾಲ್ಕು ಸೆಮಿಸ್ಟರ್, ನಿಜ. ಆದರೆ ಬಹುತೇಕ ಕಾಲೇಜುಗಳಲ್ಲಿ ಅದಕ್ಕೆ ಅರ್ಜಿ ಹಾಕುವ ಮೊದಲೇ ಅನಾಟಮಿ-ಫಿಸಿಯಾಲಜಿ ಎರಡು ಭಾಗ, ಮೈಕ್ರೊಬಯಾಲಜಿ, ಇಂಗ್ಲಿಷ್, ಸೈಕಾಲಜಿ, ಕೆಲವು ಕಡೆ ಸ್ಟ್ಯಾಟಿಸ್ಟಿಕ್ಸ್ ಕೂಡ ಮುಗಿಸಿರಬೇಕು. ಮೊದಲನೇ ಅನಾಟಮಿ ಮುಗಿಯದೆ ಎರಡನೆಯದಕ್ಕೆ ಸೇರಿಸಿಕೊಳ್ಳುವುದಿಲ್ಲ, ಲ್ಯಾಬ್ ಸೀಟು ಬೇಗ ತುಂಬಿ ಹೋಗುತ್ತದೆ, ಮಗುವಿಗೆ ಜ್ವರ ಬಂದು ಒಂದು ಸೆಮಿಸ್ಟರ್ ಬಿಟ್ಟರೆ ಅಷ್ಟೇ ಕಥೆ. ಆಮೇಲೆ ಟೀಸ್ ಅಥವಾ ಹೆಸಿ ಅನ್ನುವ ಪ್ರವೇಶ ಪರೀಕ್ಷೆ. ಅದೂ ಆದಮೇಲೆ ಕೆಲವು ಕಡೆ ವೇಯ್ಟಿಂಗ್ ಲಿಸ್ಟು, ಕೆಲವು ಕಡೆ ಲಾಟರಿ, ಇನ್ನು ಕೆಲವು ಕಡೆ ಅಂಕದ ಲೆಕ್ಕ. ನನಗೆ ಶುರುವಿನಿಂದ ಲೈಸೆನ್ಸ್ ಕೈಗೆ ಬರುವವರೆಗೆ ನಾಲ್ಕು ವರ್ಷ ಹಿಡಿಯಿತು. ಹಾಗಾಗಿ ಕಾಲೇಜಿಗೆ ಫೋನ್ ಮಾಡಿದಾಗ "ಕೋರ್ಸ್ ಎಷ್ಟು ವರ್ಷ" ಅಂತ ಕೇಳಬೇಡಿ. "ನನ್ನ ಹತ್ತಿರ ಈಗ ಏನೂ ಕ್ರೆಡಿಟ್ ಇಲ್ಲ, ಇವತ್ತು ಶುರು ಮಾಡಿದರೆ ಯಾವಾಗ ಮುಗಿಯುತ್ತದೆ, ಸೈನ್ಸ್ ಕ್ರೆಡಿಟ್ ಎಷ್ಟು ವರ್ಷಕ್ಕೆ ಹಳೆಯದಾಗುತ್ತದೆ" ಅಂತ ಕೇಳಿ.

ಇನ್ನು ಕೆಲಸದ ವಿಷಯ. ಇಲ್ಲಿ ಸ್ವಲ್ಪ ಹಳೆ ಕಥೆ ಗೊತ್ತಿರಬೇಕು. ಎರಡನೇ ಮಹಾಯುದ್ಧ ಆದಮೇಲೆ ನರ್ಸುಗಳು ಸಾಲದೆ ಬಂದಾಗ ಮಿಲ್‌ಡ್ರೆಡ್ ಮೊಂಟಾಗ್ ಅನ್ನುವವರು ಎರಡು ವರ್ಷದ ಯೋಜನೆ ರೂಪಿಸಿದರು, 1952ರಲ್ಲಿ ಕೆಲವು ಕಾಲೇಜುಗಳಲ್ಲಿ ಪ್ರಯೋಗ ಶುರುವಾಯಿತು. 1965ರಲ್ಲೇ ಅಮೆರಿಕನ್ ನರ್ಸಸ್ ಅಸೋಸಿಯೇಷನ್, ವೃತ್ತಿಪರ ನರ್ಸ್ ಆಗಲು ಬ್ಯಾಚುಲರ್ ಡಿಗ್ರಿಯೇ ಬೇಕು ಅಂತ ಹೇಳಿತು. ಅವತ್ತಿನಿಂದ ಜಗಳ ಮುಗಿದಿಲ್ಲ. 2003ರಲ್ಲಿ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಗಾರರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಸರ್ಜರಿ ರೋಗಿಗಳ ಲೆಕ್ಕ ನೋಡಿ, ಬ್ಯಾಚುಲರ್ ಓದಿದ ನರ್ಸುಗಳ ಪ್ರಮಾಣ 10% ಹೆಚ್ಚಿದ್ದ ಕಡೆ ಸಾವಿನ ಸಾಧ್ಯತೆ 5% ಕಡಿಮೆ ಅಂತ ತೋರಿಸಿದರು. 2010ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, 2020ರ ಹೊತ್ತಿಗೆ 80% ನರ್ಸುಗಳಿಗೆ ಬ್ಯಾಚುಲರ್ ಇರಬೇಕು ಅಂದಿತು. ನ್ಯೂಯಾರ್ಕ್ ರಾಜ್ಯವಂತೂ 2017ರ ಕೊನೆಗೆ ಕಾನೂನೇ ಮಾಡಿತು: ಹೊಸದಾಗಿ ಲೈಸೆನ್ಸ್ ಪಡೆಯುವವರು 10 ವರ್ಷದೊಳಗೆ ಬಿಎಸ್‌ಎನ್ ಮುಗಿಸಬೇಕು. (ನನಗೆ ಕೆಲಸ ಕಲಿಸಿದ ಹಿರಿಯ ನರ್ಸ್ ಎಡಿಎನ್ ಓದಿದವರು, ರೋಗಿಯ ಮುಖ ನೋಡಿಯೇ ಏನೋ ಸರಿಯಿಲ್ಲ ಅಂತ ಹೇಳುತ್ತಿದ್ದರು. ಅಂಕಿ ಅಂಶ ಅಂಥವರನ್ನು ಸಣ್ಣವರನ್ನಾಗಿ ಮಾಡುವುದಿಲ್ಲ.)

ಇದರ ಪರಿಣಾಮ ಏನಪ್ಪಾ ಅಂದರೆ, ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳು, ಅದರಲ್ಲೂ ಒಳ್ಳೆಯ ನರ್ಸಿಂಗ್‌ಗೆ ಕೊಡುವ ಮ್ಯಾಗ್ನೆಟ್ ಅನ್ನುವ ಮನ್ನಣೆ ಇರುವವು, ಹೊಸಬರನ್ನು ತೆಗೆದುಕೊಳ್ಳುವಾಗ ಬಿಎಸ್‌ಎನ್ ಕೇಳುವುದೇ ಜಾಸ್ತಿ. ಸೇನೆಯ ನರ್ಸ್ ಆಗಲು ಅದು ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಹೆಲ್ತ್ ನರ್ಸ್ ಪ್ರಮಾಣಪತ್ರಕ್ಕೂ ಬೇಕು. ಸಣ್ಣ ಊರುಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ, ಡಯಾಲಿಸಿಸ್ ಸೆಂಟರ್‌ಗಳಲ್ಲಿ ಎಡಿಎನ್‌ಗೂ ಕೆಲಸ ಸಿಗುತ್ತದೆ. ನನ್ನ ಸಲಹೆ ಇಷ್ಟೇ: ಯಾವುದು ಒಳ್ಳೆಯದು ಅಂತ ಯಾರನ್ನೂ ಕೇಳಬೇಡಿ, ನಿಮ್ಮ ಮನೆಯಿಂದ 30 ಮೈಲಿ ಒಳಗಿನ ಆಸ್ಪತ್ರೆಗಳ ಹೊಸ ನರ್ಸ್ ಜಾಹೀರಾತುಗಳನ್ನು ಒಂದು ಸಂಜೆ ಕೂತು ಓದಿ. "ಬಿಎಸ್‌ಎನ್ ರಿಕ್ವೈರ್ಡ್" ಅಂತಿದೆಯಾ, "ಪ್ರಿಫರ್ಡ್" ಅಂತಿದೆಯಾ, ಅಥವಾ "ಸೇರಿದ ಮೇಲೆ ಇಷ್ಟು ವರ್ಷದಲ್ಲಿ ಮುಗಿಸಬೇಕು" ಅಂತಿದೆಯಾ, ಬರೆದಿಟ್ಟುಕೊಳ್ಳಿ. ಮೂರನೆಯದೇ ಜಾಸ್ತಿ ಕಂಡರೆ ಎಡಿಎನ್ ಮಾಡಿ ಕೆಲಸಕ್ಕೆ ಸೇರಿ, ಆಸ್ಪತ್ರೆ ದುಡ್ಡಿನಲ್ಲಿ ಬಿಎಸ್‌ಎನ್ ಓದುವುದೇ ಜಾಣತನ.

ದುಡ್ಡು ಅಂದಾಗ ನೆನಪಾಯಿತು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಅಲ್ಲಿನ ನಿವಾಸಿಗಳಿಗೆ ಒಂದು ಕ್ರೆಡಿಟ್, ಅಂದರೆ ಅವರ ಭಾಷೆಯಲ್ಲಿ ಒಂದು ಯೂನಿಟ್‌ಗೆ 46 ಡಾಲರ್. 70 ಯೂನಿಟ್ ಅಂದರೂ 3,220 ಡಾಲರ್, ಅದರ ಮೇಲೆ ಪುಸ್ತಕ, ಯೂನಿಫಾರ್ಮ್, ಪರೀಕ್ಷೆ ಫೀಸು. ಖಾಸಗಿ ವಿಶ್ವವಿದ್ಯಾಲಯದ ಬಿಎಸ್‌ಎನ್ ಒಂದು ಲಕ್ಷ ಡಾಲರ್ ದಾಟಬಹುದು. ಕೆಲಸಕ್ಕೆ ಸೇರಿದ ಮೇಲೆ ಮಾಡುವ ಆರ್‌ಎನ್-ಟು-ಬಿಎಸ್‌ಎನ್ ಹೆಚ್ಚಾಗಿ ಆನ್‌ಲೈನ್, ಒಂದರಿಂದ ಒಂದೂವರೆ ವರ್ಷ. ಕಂಪನಿ ಓದಿಗೆ ಕೊಡುವ ದುಡ್ಡಿನಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ನಾನು ಹಾಗೇ ಓದಿದೆ, ನೈಟ್ ಶಿಫ್ಟ್ ಮುಗಿಸಿ ಬಂದು ರಿಸರ್ಚ್ ಪೇಪರ್ ಬರೆಯುತ್ತಾ ಅಲ್ಲೇ ತಲೆಯಿಟ್ಟು ಮಲಗಿದ್ದೂ ಇದೆ.

ಬಿಎಸ್ಸಿ, ಬಿಕಾಂ, ಬಿಇ ಏನಾದರೂ ಮಾಡಿದವರಿಗೆ ಇನ್ನೊಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ಆಕ್ಸಿಲರೇಟೆಡ್ ಬಿಎಸ್‌ಎನ್. ಒಂದು ಡಿಗ್ರಿ ಇದ್ದವರಿಗೆ 12ರಿಂದ 18 ತಿಂಗಳಲ್ಲಿ ಮುಗಿಯುತ್ತದೆ. ಆದರೆ ಆ ಅನಾಟಮಿ ವಗೈರೆ ಇದಕ್ಕೂ ಮೊದಲೇ ಮುಗಿದಿರಬೇಕು, ಫೀಸು ಜಾಸ್ತಿ, ಜೊತೆಗೆ ಕೆಲಸ ಮಾಡುವುದು ಹೆಚ್ಚುಕಡಿಮೆ ಆಗದ ಮಾತು. ಮನೆಯಲ್ಲಿ ಅತ್ತೆಯೋ ಅಮ್ಮನೋ ಬಂದು ಇದ್ದರೆ ನೋಡಿ. ನನಗೆ ಆಗ ಎರಡು ವರ್ಷದ ಮಗು, ಹಾಗಾಗಿ ಆ ಕಡೆ ತಲೆ ಹಾಕಲಿಲ್ಲ. ಇಲ್ಲೇ ಹೈಸ್ಕೂಲ್ ಮುಗಿಸಿದ ಮಕ್ಕಳಿಗೆ, ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ, ನೇರ ಬಿಎಸ್‌ಎನ್ ಮಾಡಿಸಿ. ಅವರಿಗೆ ಯಾವ ಮನೆ ಜವಾಬ್ದಾರಿ ಇದೆ ಹೇಳಿ.

ವೀಸಾ ವಿಷಯ ಇದೆಲ್ಲಕ್ಕಿಂತ ಮೊದಲು ಬರಬೇಕಿತ್ತು. ಎಚ್-4ನಲ್ಲಿ (ಎಚ್-1ಬಿ ಕೆಲಸದ ವೀಸಾದವರ ಹೆಂಡತಿ ಅಥವಾ ಗಂಡನಿಗೆ ಸಿಗುವ ವೀಸಾ) ಓದಬಹುದು. ದುಡಿಯಬೇಕಾದರೆ ಇಎಡಿ ಅನ್ನುವ ಕೆಲಸದ ಅನುಮತಿ ಬೇಕು, ಅದು ಸಾಮಾನ್ಯವಾಗಿ ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಅಪ್ರೂವ್ ಆಗಿದ್ದರೆ ಮಾತ್ರ. ಡಿಗ್ರಿ ಕೈಯಲ್ಲಿ ಹಿಡಿದು ಸುಮ್ನೆ ಮನೆಯಲ್ಲಿ ಕೂತವರನ್ನು ನೋಡಿದ್ದೇನೆ. ಫೆಡರಲ್ ಸಹಾಯಧನ ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ, ಎಚ್-4ಗೆ ಇಲ್ಲ.

ಯಾವ ಕಾಲೇಜಿಗೇ ಹೋಗಿ, ಎರಡು ನೋಡಿಕೊಳ್ಳಿ. ರಾಜ್ಯದ ನರ್ಸಿಂಗ್ ಬೋರ್ಡ್ ಅನುಮತಿ ಇರಬೇಕು, ಜೊತೆಗೆ ಎಸಿಇಎನ್ ಅಥವಾ ಸಿಸಿಎನ್ಇಯಂಥ ರಾಷ್ಟ್ರೀಯ ಮಾನ್ಯತೆ ಇರಬೇಕು, ಇಲ್ಲದಿದ್ದರೆ ಮುಂದೆ ಬಿಎಸ್‌ಎನ್‌ಗೆ ಸೇರುವಾಗ ತಕರಾರು. ಎನ್‌ಕ್ಲೆಕ್ಸ್ ಪಾಸಾದವರ ಪ್ರಮಾಣ ಹೆಚ್ಚಿನ ಬೋರ್ಡ್‌ಗಳ ವೆಬ್‌ಸೈಟಿನಲ್ಲೇ ಇರುತ್ತದೆ, ಅದನ್ನೂ ನೋಡಿ. ಫ್ಲಾರಿಡಾದ ಮೂರು ಶಾಲೆಗಳ ಹೆಸರಲ್ಲಿ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಸರ್ಟಿಫಿಕೇಟ್ ಮಾರಿದ್ದು 2023ರ ಜನವರಿಯಲ್ಲಿ ಹೊರಗೆ ಬಂತು. "ಬೇಗ ಮುಗಿಸಿಕೊಡುತ್ತೇವೆ" ಅಂದವರ ಹತ್ತಿರ ಹೋಗಲೇಬೇಡಿ.

ಊರಲ್ಲೇ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ ಬಂದವರು ದಯವಿಟ್ಟು ಮತ್ತೆ ಎಡಿಎನ್‌ಗೆ ಸೇರಬೇಡಿ. ಓದಿದ್ದನ್ನು ಟ್ರೂಮೆರಿಟ್‌ನಂಥ (ಮೊದಲು ಇದರ ಹೆಸರು ಸಿಜಿಎಫ್‌ಎನ್‌ಎಸ್) ಸಂಸ್ಥೆಯ ಹತ್ತಿರ ಪರಿಶೀಲನೆ ಮಾಡಿಸಿ, ನಿಮ್ಮ ರಾಜ್ಯ ಒಪ್ಪಿದರೆ ನೇರ ಎನ್‌ಕ್ಲೆಕ್ಸ್ ಬರೆಯಬಹುದು. ಇನ್ನೂ ಊರಲ್ಲೇ ಇರುವವರಿಗೆ ಬೆಂಗಳೂರಿನಲ್ಲೇ ಪರೀಕ್ಷಾ ಕೇಂದ್ರ ಇದೆ.

ಎಲ್ಲರೂ ಇವತ್ತೇ ಮಾಡಬೇಕಾದ ಕೆಲಸ, ಊರಿನ ಓದಿನ ಅಧಿಕೃತ ಅಂಕಪಟ್ಟಿ, ಅಂದರೆ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕುವುದು. ನನ್ನದಕ್ಕೆ ತಮ್ಮ ನಾಲ್ಕು ಸಲ ಕೌಂಟರ್ ಮುಂದೆ ನಿಂತ, ಒಂದು ಸಲ ಹೆಸರಿನ ಇನಿಷಿಯಲ್ ತಪ್ಪು, ಒಂದು ಸಲ ಸಾಹೇಬರು ರಜೆ. ಕವರ್ ಸೀಲ್ ಆಗಿ ಇಲ್ಲಿಗೆ ಬರುವಷ್ಟರಲ್ಲಿ ಏಳು ತಿಂಗಳು.