ಮಳೆಗಾಲದಲ್ಲಿ ತೂಗಿದ ಝಿಂಕ್

ಝಿಂಕ್‌ಗೆ ಸ್ವಂತ ಕಾಂತ ಗುಣ ಇಲ್ಲ. ಆದರೂ ನಿಕಲ್ ಫೆರೈಟಿನಲ್ಲಿ (ನಿಕಲ್, ಕಬ್ಬಿಣ, ಆಮ್ಲಜನಕ ಸೇರಿದ ಕಾಂತ ವಸ್ತು) ಒಂದಿಷ್ಟು ನಿಕಲ್ ಬದಲು ಝಿಂಕ್ ಹಾಕಿದರೆ ಕಾಂತತೆ ಜಾಸ್ತಿಯಾಗುತ್ತದೆ. ಓದಿ ಗೊತ್ತಿತ್ತು. ಮಾಡಿ ನೋಡಲು ಹೊರಟದ್ದು ಮಂಗಳೂರಿನ ಜುಲೈ ತಿಂಗಳಲ್ಲಿ. ಅಲ್ಲೇ ಎಡವಿದ್ದು.

ಫೆರೈಟ್ ಹರಳಿನಲ್ಲಿ ಲೋಹಗಳಿಗೆ ಎರಡು ಬಗೆಯ ಜಾಗ. ‘ಎ’ ಜಾಗದ ಸುತ್ತ 4 ಆಮ್ಲಜನಕ, ‘ಬಿ’ ಜಾಗದ ಸುತ್ತ 6. ಎರಡೂ ಕಡೆಯವರು ಎದುರುಬದುರು ಎಳೆಯುತ್ತಾರೆ, ನಮ್ಮ ಮೊಸರು ಕುಡಿಕೆಯ ಹಗ್ಗಜಗ್ಗಾಟದ ಹಾಗೆ. ಝಿಂಕ್ ಹೋಗಿ ಎ ತಂಡ ಸೇರುತ್ತದೆ, ಆದರೆ ಹಗ್ಗ ಮುಟ್ಟುವುದಿಲ್ಲ. ಅಲ್ಲಿದ್ದ ಕಬ್ಬಿಣ ಬಿ ಕಡೆಗೆ ಹೋಗಿ ಎಳೆಯುತ್ತದೆ. ಬಿ ಗೆಲ್ಲದೆ ಏನು ಮಾಡೀತು ಮಾರಾಯ್ರೆ? 1948ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ ಕೊಟ್ಟ ಲೆಕ್ಕದಂತೆ ನಿಕಲ್ ಫೆರೈಟಿಗೆ 2 ಬೋರ್ ಮ್ಯಾಗ್ನೆಟಾನ್ (ಅಣುಮಟ್ಟದ ಕಾಂತತೆ ಅಳೆಯುವ ಮಾನ). ನಿಕಲ್‌ನ ಶೇ. 40 ಭಾಗದ ಬದಲು ಝಿಂಕ್ ಆದರೆ 5.2. ಅಳೆದಾಗ ಸ್ವಲ್ಪ ಕಮ್ಮಿಯೇ ಬರುತ್ತದೆ.

ನಾನು ಮಾಡಿದ್ದು ಈ ಲೋಹಗಳ ನೈಟ್ರೇಟ್‌ಗಳನ್ನು ಇಂಧನವಾಗಿ ಉರಿಯುವ ಗ್ಲೈಸಿನ್ ಜೊತೆ ನೀರಲ್ಲಿ ಕರಗಿಸಿ ಬಿಸಿ ಮಾಡಿ ಉರಿಸುವ ವಿಧಾನ. ನೀರು ಇಂಗಿ, ಗಟ್ಟಿ ಪಾಕವಾಗಿ, ಒಮ್ಮೆಲೇ ಉಬ್ಬಿ ಹೊತ್ತಿಕೊಳ್ಳುತ್ತದೆ. ಉಳಿಯುವುದು ಹಗುರವಾದ ಕಂದು ಪುಡಿ. ಅದನ್ನು 900 ಡಿಗ್ರಿಯಲ್ಲಿ ಕಾಯಿಸಿದೆ.

ಹರಳಿನ ಒಳರಚನೆ ತೋರಿಸುವ ಎಕ್ಸ್‌ರೇ ಗ್ರಾಫ್ ಬಂತು. 35.7 ಡಿಗ್ರಿ ಹತ್ತಿರದ ದೊಡ್ಡ ಪೀಕ್ ಎಡಕ್ಕೆ ಸರಿದಿತ್ತು, ಅಂದರೆ ಹರಳು ಹಿಗ್ಗಿದೆ, ಆದರೆ ಅಂದುಕೊಂಡಷ್ಟಲ್ಲ. ಝಿಂಕ್ ದೊಡ್ಡ ಅಯಾನು, ಅದು ಸೇರಿದಷ್ಟೂ ಹರಳು ಹಿಗ್ಗಬೇಕು: ನಿಕಲ್ ಫೆರೈಟಿನ 8.34 ಆಂಗ್‌ಸ್ಟ್ರಾಮ್‌ನಿಂದ (ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಝಿಂಕ್ ಫೆರೈಟಿನ 8.44ರ ಕಡೆಗೆ. ಮೇಲಿಂದ 33.2ರಲ್ಲಿ ಕರೆಯದೆ ಬಂದ ಒಂದು ಪುಟ್ಟ ಪೀಕ್. ಹೆಮಟೈಟ್, ಅಂದರೆ ಬರೀ ಕಬ್ಬಿಣದ ಆಕ್ಸೈಡ್! ಹಾಗಾದರೆ ಕಬ್ಬಿಣ ಮಿಕ್ಕಿದೆ. ಕಾಂತತೆಯೂ ಕಮ್ಮಿ.

ಎರಡು ವಾರ ಫರ್ನೇಸನ್ನೇ ಬೈದೆ. ಆಮೇಲೆ ಒಂದು ಬೆಳಗ್ಗೆ ಝಿಂಕ್ ನೈಟ್ರೇಟ್ ತೂಗುವಾಗ ಗಮನಿಸಿದೆ. ಬಟ್ಟಲು ತಕ್ಕಡಿ ಮೇಲೆ ಇಟ್ಟಲ್ಲೇ ಇದೆ, ಕೊನೆಯ ಅಂಕಿ ಮಾತ್ರ ಏರುತ್ತಲೇ ಇದೆ. ಹರಳುಗಳು ಮಳೆಗಾಲದ ಕಲ್ಲುಪ್ಪಿನ ಹಾಗೆ ಬೆವರಿದ್ದವು. ನಾನು 2.38 ಗ್ರಾಂ ಅಂತ ತೂಗಿದ್ದರಲ್ಲಿ ಗಾಳಿಯಿಂದ ಹೀರಿದ ನೀರೂ ಇತ್ತು, ಝಿಂಕ್ ಅಷ್ಟು ಕಮ್ಮಿ. ಕಬ್ಬಿಣದ ನೈಟ್ರೇಟ್ ಹೊಸ ಬಾಟಲಿಯದ್ದು, ಹಾಗಾಗಿ ಅದರ ತೂಕ ಸರಿ ಇತ್ತು.

ಮುಂದಿನ ಸಲ ಝಿಂಕ್ ನೈಟ್ರೇಟ್ ಮುಟ್ಟಲೇ ಇಲ್ಲ. ಝಿಂಕ್ ಆಕ್ಸೈಡ್ ಕಾಯಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಆರಿಸಿ, ಅಷ್ಟೇ ಝಿಂಕ್ ಸಿಗುವ 0.651 ಗ್ರಾಂ ತೂಗಿ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿದೆ. ಆಕ್ಸೈಡ್ ಕರಗಲು ಬೇಕಾದಷ್ಟೇ ಆಸಿಡ್ ಹಾಕಿ, ಜಾಸ್ತಿಯಾದರೆ ಗ್ಲೈಸಿನ್ ಲೆಕ್ಕ ಏರುಪೇರಾಗುತ್ತದೆ.

33.2ರ ಪೀಕ್ ಮಾಯ. ಕಾಂತತೆ ಏರಿತು. ಝಿಂಕ್ ಅರ್ಧಕ್ಕಿಂತ ಜಾಸ್ತಿಯಾದ ಸ್ಯಾಂಪಲ್‌ಗಳಲ್ಲಿ ಮತ್ತೆ ಇಳಿಯಿತು. ಎದುರಾಳಿಗಳೇ ಕಮ್ಮಿಯಾದರೆ ಬಿ ತಂಡದವರು ಒಂದೇ ಸಾಲಲ್ಲಿ ನಿಲ್ಲುವುದಿಲ್ಲ, ಓರೆಯಾಗುತ್ತಾರೆ.

ಪೂರ್ತಿ ಝಿಂಕ್ ಫೆರೈಟ್ ರೂಮಿನ ಉಷ್ಣತೆಯಲ್ಲಿ ಮ್ಯಾಗ್ನೆಟ್‌ಗೆ ಅಂಟಬಾರದು. ಉರಿದ ಕೂಡಲೇ ತೆಗೆದ ಪುಡಿ ಮಾತ್ರ ಮ್ಯಾಗ್ನೆಟ್ ಕಂಡು ಮೆಲ್ಲ ಸರಿಯಿತು. ಗಡಿಬಿಡಿಯಲ್ಲಿ ತಣಿದಾಗ ಒಂದಿಷ್ಟು ಝಿಂಕ್ ಬಿ ಜಾಗದಲ್ಲೇ ಉಳಿದಿರುತ್ತದೆ, ಅಷ್ಟೇ ಕಬ್ಬಿಣ ಎ ಜಾಗದಲ್ಲಿ. ಕಾಯಿಸಿ ನಿಧಾನಕ್ಕೆ ಆರಿಸಿದ ಮೇಲೆ ಸುಮ್ನೆ ಬಿದ್ದುಕೊಂಡಿತು.