ಮೊದಲ ತೂತು ಕಿಟಕಿಯ ಮೇಲೆ ಬೇಡ

ಮನೆ ಕೆಲಸ ನಾವೇ ಮಾಡಿಕೊಳ್ಳಬೇಕು ಅನ್ನುವ ಹುರುಪು ಬಂದವರು ಮೊದಲು ಕೈ ಹಾಕುವುದು ಯಾವುದಕ್ಕೆ ಗೊತ್ತಾ? ಕರ್ಟನ್ ರಾಡಿಗೆ. ಡ್ರಿಲ್ ಮಷೀನ್ ಮನೆಗೆ ಬಂದ ಭಾನುವಾರವೇ ಸ್ಟೂಲ್ ಹತ್ತುತ್ತಾರೆ. ಅರ್ಧ ಗಂಟೆಯಲ್ಲಿ ಬಿಟ್ (ಮಷೀನಿನ ತುದಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ) ಕಾದು ಕಪ್ಪಾಗಿ, ತೂತಿನ ಬದಲು ಗುಳಿ ಬಿದ್ದು, ಮಷೀನೇ ಸರಿ ಇಲ್ಲ ಅಂತ ತೀರ್ಮಾನವಾಗಿ ಅದು ಮಂಚದ ಕೆಳಗೆ ಸೇರುತ್ತದೆ. ಹೀಗೆ ನಾಲ್ಕು ಮನೆಗಳಲ್ಲಿ ಆಗಿದ್ದನ್ನು ನೋಡಿದ್ದೇನೆ. ಐದನೆಯದು ನನ್ನದೇ.

ಮಷೀನಿನ ತಪ್ಪೇನಿಲ್ಲ. ಕಿಟಕಿ, ಬಾಗಿಲುಗಳ ತಲೆಯ ಮೇಲಿರುವುದು ಇಟ್ಟಿಗೆಯಲ್ಲ, ಕಂಬಿ ಹಾಕಿ ಕಟ್ಟಿದ ಕಾಂಕ್ರೀಟ್ ಲಿಂಟಲ್. ಸಾಮಾನ್ಯವಾಗಿ ನೆಲದಿಂದ 7 ಅಡಿಗೆ ಶುರುವಾಗಿ ಅರ್ಧ ಅಡಿ ದಪ್ಪ ಇರುತ್ತದೆ, ಕಿಟಕಿಯ ಎರಡೂ ಪಕ್ಕಕ್ಕೆ ಇನ್ನೂ ಅರ್ಧ ಅಡಿ ಚಾಚಿರುತ್ತದೆ. ಇಡೀ ಗೋಡೆಯಲ್ಲಿ ಅದಕ್ಕಿಂತ ಗಟ್ಟಿ ಜಾಗ ಇಲ್ಲ. ಹಾಗಾಗಿ ಮೊದಲ ಕೆಲಸಕ್ಕೆ ಎದೆಮಟ್ಟದಲ್ಲಿ ಒಂದು ಸಣ್ಣ ಶೆಲ್ಫ್ ಹಾಕಿ. ಎರಡೇ ತೂತು, ನೆಲದ ಮೇಲೆ ನಿಂತೇ ಮಾಡಬಹುದು.

ಸಾಮಾನು

500–600 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್, ಅಂದರೆ ತಿರುಗುತ್ತಲೇ ಬಡಿಯುವ ಡ್ರಿಲ್, ಸಾಕು. ಅದರ ಮೇಲೆ ಸುತ್ತಿಗೆಯ ಚಿತ್ರ ಇರುವ ಗುಂಡಿ ಇದೆಯಾ ನೋಡಿಕೊಳ್ಳಿ, ಬ್ಯಾಟರಿಯ ಸಣ್ಣ ಸ್ಕ್ರೂಡ್ರೈವರ್ ಕೊಂಡುಕೊಂಡು ಅದನ್ನೇ ಡ್ರಿಲ್ ಅಂದುಕೊಂಡವರೂ ಇದ್ದಾರೆ. ಸೂಟ್‌ಕೇಸಿನಲ್ಲಿ ನೂರು ಪೀಸ್ ತುಂಬಿಸಿ ಕೊಡುತ್ತಾರಲ್ಲ, ಅದು ಬೇಡವೇ ಬೇಡ. ನೂರರಲ್ಲಿ ನಿಮಗೆ ಬೇಕಾಗುವುದು ಆರು, ಆ ಆರೂ ಮೆತ್ತಗಿನ ಕಬ್ಬಿಣ. ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಗೆ ಹೋಗಿ, ಬೇರೆ ಊರಾದರೆ ಗಾರೆ ಕೆಲಸದವರು ಹೋಗುವ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಳ್ಳೆಯ 6 ಮಿ.ಮೀ. ಮೇಸನರಿ ಬಿಟ್ ಎರಡು ಕೇಳಿ. ತುದಿಯಲ್ಲಿ ಕಾರ್ಬೈಡಿನ ಚಪ್ಪಟೆ ಹಲ್ಲು ಕೂರಿಸಿರುವುದು ಕಣ್ಣಿಗೇ ಕಾಣಬೇಕು. ಹಲ್ಲಿಲ್ಲದ್ದು ಕಬ್ಬಿಣಕ್ಕೋ ಮರಕ್ಕೋ ಇರುವುದು.

ಸ್ಕ್ರೂ ಹಿಡಿಯಲು ತೂತಿನೊಳಗೆ ಕೂರಿಸುವ ರಾಲ್ ಪ್ಲಗ್ ಕೇಳಿದರೆ ಕೆಲವು ಅಂಗಡಿಗಳಲ್ಲಿ ಗಿಟ್ಟಿ ಅನ್ನುತ್ತಾರೆ, ಎರಡೂ ಒಂದೇ. ಹಿಂದೆ ಬಡಗಿಗಳು ಗೋಡೆಗೆ ಮರದ ತುಂಡು ಹೊಡೆದು ಅದಕ್ಕೆ ಸ್ಕ್ರೂ ತಿರುಗಿಸುತ್ತಿದ್ದರು. ಈಗಿನ ನೈಲಾನ್ ಪ್ಲಗ್ಗನ್ನು 1958ರಲ್ಲಿ ಮಾಡಿದವರು ಜರ್ಮನಿಯ ಆರ್ಥರ್ ಫಿಷರ್. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಹಿಗ್ಗಿ ತೂತಿನ ಗೋಡೆಯನ್ನು ಒತ್ತುತ್ತದೆ, ಅಷ್ಟೇ ಅದರ ಗುಟ್ಟು. ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬಿಳಿ ಪ್ಲಾಸ್ಟಿಕ್ಕಿನದು ತರಬೇಡಿ. ಕಪ್ಪು ಬಣ್ಣದ ಜಿಪ್ಸಮ್ ಸ್ಕ್ರೂ ಕೂಡ ಬೇಡ. ಅಗ್ಗ, ಚೂಪು, ನೋಡಲು ಚೆಂದ, ಆದರೆ ಭಾರ ಬಿದ್ದರೆ ಬಾಗುವುದಿಲ್ಲ, ಪಟ್ಟಂತ ಮುರಿಯುತ್ತದೆ.

ಇದರ ಜೊತೆ ಒಂದು ರಸಮಟ್ಟ, ಸುತ್ತಿಗೆ, ಮೊಳೆ, ಪೆನ್ಸಿಲ್, ಅಂಟು ಟೇಪು. ಕಣ್ಣಿಗೆ ಕನ್ನಡಕ ಹಾಕಲೇಬೇಕು. ಲುಂಗಿ, ದುಪಟ್ಟ, ಬಿಟ್ಟ ಕೂದಲು ಮಷೀನಿನ ಹತ್ತಿರ ಬರಬಾರದು.

ಜಾಗ

ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಪಕ್ಕಕ್ಕೆ ಎಲ್ಲೂ ತೂತು ಹಾಕಬೇಡಿ. ಗೋಡೆಯೊಳಗಿನ ವೈರು ಆ ಸಾಲಿನಲ್ಲೇ ಹೋಗಿರುತ್ತದೆ. ಎಲ್ಲರೂ ಮರೆಯುವುದು ಇನ್ನೊಂದು: ಬೆಡ್‌ರೂಮಿನ ಈ ಗೋಡೆಯ ಆ ಬದಿಗೆ ಬಾತ್‌ರೂಮ್ ಇದೆಯಾ? ಇದ್ದರೆ ನಲ್ಲಿ, ಗೀಸರ್ ಎಲ್ಲಿದೆ ಅಂತ ಆ ಕಡೆ ಹೋಗಿ ನೋಡಿ ಬನ್ನಿ. ಆ ರೂಮಿನ ಎಂಸಿಬಿ (ಮೀಟರ್ ಬಾಕ್ಸಿನ ಕಡೆ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಪಕ್ಕದ ರೂಮಿನಿಂದ ಎಕ್ಸ್‌ಟೆನ್ಷನ್ ಎಳೆದುಕೊಂಡು ಕೆಲಸ ಮಾಡಿ.

ತೂತು

ಕೆಡುವುದೆಲ್ಲ ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ.

ಪೆನ್ಸಿಲಿನಲ್ಲಿ ಚುಕ್ಕಿ ಬೇಡ, ಕೂಡಿಸುವ ಚಿಹ್ನೆ ಹಾಕಿ. ತೂತು ಸರಿದರೆ ಎಷ್ಟು ಸರಿಯಿತು ಅಂತ ಗೊತ್ತಾಗುತ್ತದೆ. ನಡುವೆ ಮೊಳೆ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಎರಡು ಏಟು ಕೊಟ್ಟು ಒಂದು ಕುಳಿ ಮಾಡಿ, ಇಲ್ಲದಿದ್ದರೆ ಬಿಟ್ ನುಣುಪು ಗೋಡೆಯ ಮೇಲೆ ಜಾರಿ ಪೇಂಟಿಗೆ ಗೀರು ಎಳೆಯುತ್ತದೆ. ಪ್ಲಗ್ಗನ್ನು ಬಿಟ್ಟಿನ ಪಕ್ಕ ಹಿಡಿದು, ಅದಕ್ಕಿಂತ ಅರ್ಧ ಸೆಂಟಿಮೀಟರ್ ಜಾಸ್ತಿ ಬಿಟ್ಟು ಬಿಟ್ಟಿಗೆ ಅಂಟು ಟೇಪು ಸುತ್ತಿ. ಆಳ ಅಲ್ಲಿಗೆ ನಿಲ್ಲಬೇಕು. ತೂತಿನ ಕೆಳಗೆ ಹಳೆಯ ಮದುವೆ ಕಾಗದದ ಕವರನ್ನು ಬಾಯಿ ತೆರೆದು ಅಂಟಿಸಿ. ಪುಡಿ ನೆಲಕ್ಕೆ ಬೀಳುವುದಿಲ್ಲ ಅನ್ನುವುದು ಒಂದು, ಆ ಪುಡಿ ನಿಮಗೆ ಬೇಕು ಅನ್ನುವುದು ಇನ್ನೊಂದು.

ಶುರುವಿನಲ್ಲಿ ಸುತ್ತಿಗೆ ಗುಂಡಿ ಹಾಕಬೇಡಿ. ಎರಡೂ ಕೈಯಲ್ಲಿ ಮಷೀನ್ ಹಿಡಿದು ಗೋಡೆಗೆ ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ಬಿಡಿ. ಮೊದಲ 12–15 ಮಿ.ಮೀ. ಬರುವುದು ಗಾರೆಯ ಬೂದು ಪುಡಿ, ಅದು ಸಲೀಸು. ಅಲ್ಲಿಗೆ ನಿಲ್ಲಿಸಿ ಬಿಟ್ ಹೊರಗೆ ತೆಗೆಯಿರಿ. ಈಗ ಸುತ್ತಿಗೆ ಗುಂಡಿ ಹಾಕಿ ಇನ್ನು ಸ್ವಲ್ಪ ಕೊರೆದು, ಕವರಿನಲ್ಲಿ ಬಿದ್ದ ಪುಡಿ ಯಾವ ಬಣ್ಣ ನೋಡಿ.

ಕೆಂಪು ಪುಡಿ ಬಂದರೆ ಇಟ್ಟಿಗೆ, ಧೈರ್ಯವಾಗಿ ಮುಂದುವರಿಯಿರಿ. ಬೂದು ಮರಳು ಬುಳುಬುಳು ಉದುರಿ ಬಿಟ್ ಸರಕ್ಕನೆ ಒಳಗೆ ಹೋದರೆ ಎರಡು ಇಟ್ಟಿಗೆಯ ನಡುವಿನ ಸಂದಿಗೆ ಸಿಕ್ಕಿಕೊಂಡಿದ್ದೀರಿ. ಅಲ್ಲಿ ಪ್ಲಗ್ ಹಿಡಿಯುವುದಿಲ್ಲ, ಒಂದಿಂಚು ಮೇಲಕ್ಕೆ ಸರಿಯಿರಿ. ಅಕ್ಕಿ ಹಿಟ್ಟಿನಂಥ ಬಿಳಿ ಪುಡಿ ಬಂದರೆ ಅದು ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹಾಕುವ ಎಎಸಿ ಬ್ಲಾಕ್, ಅಂದರೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಇಟ್ಟಿಗೆ. ತಕ್ಷಣ ಸುತ್ತಿಗೆ ಗುಂಡಿ ತೆಗೆಯಿರಿ, ಇಲ್ಲದಿದ್ದರೆ ತೂತು ಅಗಲವಾಗುತ್ತದೆ. ಅದಕ್ಕೆ ಮಾಮೂಲಿ ಪ್ಲಗ್ ಸುಮ್ನೆ ತಿರುಗುತ್ತದೆ, ಎಎಸಿ ಪ್ಲಗ್ ಅಂತಲೇ ಕೇಳಿ ತರಬೇಕು. ಬಿಟ್ ಇದ್ದಕ್ಕಿದ್ದಂತೆ ಖಾಲಿ ಜಾಗಕ್ಕೆ ಬಿದ್ದರೆ ಹಾಲೋ ಬ್ಲಾಕ್. ಕರಾವಳಿಯ ಮುರಕಲ್ಲಿನ ಮನೆಗಳಲ್ಲೂ ಪುಡಿ ಕೆಂಪಗೇ ಬರುತ್ತದೆ, ಆದರೆ ಕಲ್ಲಿನಲ್ಲೇ ಪೊಟರೆ ಇರುವುದರಿಂದ ಅಲ್ಲಿ 8 ಮಿ.ಮೀ. ಉದ್ದನೆಯ ಪ್ಲಗ್ ಒಳ್ಳೆಯದು.

ಬೂದಿಯಂಥ ಪುಡಿ ಚಿಟಿಕೆಯಷ್ಟೇ ಬರುತ್ತಾ, ಬಿಟ್ ಮುಂದೆ ಹೋಗದೆ ಗೋಡೆ ಕೀರಲು ದನಿ ತೆಗೆದರೆ ಅದು ಕಾಂಕ್ರೀಟು. ಪುಡಿಯಲ್ಲಿ ಮಿಣಮಿಣ ಲೋಹದ ಚೂರು ಕಂಡರಂತೂ ಕಂಬಿಗೆ ತಾಗಿದೆ, ಅಲ್ಲೇ ಬಿಟ್ಟುಬಿಡಿ. ನಾನು ಬಿಡಲಿಲ್ಲ. ಮೈಯ ಭಾರವೆಲ್ಲ ಹಾಕಿ ಒತ್ತಿದೆ, ಮೂರು ಬಿಟ್ ಸುಟ್ಟೆ, ಕೊನೆಗೆ ಇಲಿ ಬಿಲದಷ್ಟು ಗುಂಡಿ ಆಯಿತು. ಒತ್ತಿದಷ್ಟೂ ಬೇಗ ಹೋಗುತ್ತದೆ ಅನ್ನುವುದು ಸುಳ್ಳು, ಒತ್ತಿದಷ್ಟೂ ಬಿಟ್ ಕಾಯುತ್ತದೆ ಅಷ್ಟೇ. ಬೆಣ್ಣೆ ಕಡೆದಂತೆ ಅಲ್ಲಾಡಿಸುವುದೂ ಬೇಡ, ತೂತಿನ ಬಾಯಿ ಅಗಲವಾಗುತ್ತದೆ. ಹತ್ತು ಸೆಕೆಂಡ್ ಕೊರೆಯಿರಿ, ತಿರುಗುತ್ತಿರುವಾಗಲೇ ಬಿಟ್ ಹೊರಗೆಳೆದು ಪುಡಿ ಉದುರಿಸಿ, ಮತ್ತೆ ಹೋಗಿ.

ಕೊರೆದಾದ ಮೇಲೆ ತೂತಿನೊಳಗಿನ ಪುಡಿ ಊದಿ ತೆಗೆಯಿರಿ. ಕಣ್ಣು ಮುಚ್ಚಿಕೊಂಡು! ಪುಡಿ ಉಳಿದರೆ ಪ್ಲಗ್ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ಸುತ್ತಿಗೆಯಲ್ಲಿ ಬಡಿದು ಅದರ ತಲೆ ಚಪ್ಪಟೆ ಮಾಡುತ್ತೀರಿ. ಸರಿಯಾದ ತೂತಾದರೆ ಪ್ಲಗ್ ಹೆಬ್ಬೆರಳಿನಲ್ಲಿ ಅರ್ಧ ಹೋಗಬೇಕು, ಉಳಿದರ್ಧ ಸುತ್ತಿಗೆಯ ಮೆಲ್ಲನೆ ಏಟಿಗೆ. ಪೂರ್ತಿ ಬೆರಳಿನಲ್ಲೇ ಜಾರಿ ಹೋಯಿತಾ? ತೂತು ದೊಡ್ಡದಾಗಿದೆ. ಆಗ ಬೆಂಕಿಕಡ್ಡಿ, ಪೇಪರ್ ತುರುಕುವ ಉಪಾಯ ಹೇಳಲು ಪಕ್ಕದ ಮನೆಯವರು ಬರುತ್ತಾರೆ. ಕೇಳಬೇಡಿ, 8 ಮಿ.ಮೀ. ಬಿಟ್ಟಿನಲ್ಲಿ ಅದನ್ನೇ ಅಗಲ ಮಾಡಿ 8ರ ಪ್ಲಗ್ ಮತ್ತು ದಪ್ಪ ಸ್ಕ್ರೂ ಹಾಕಿ.

ಎರಡನೆಯ ತೂತು

ಟೇಪಿನಲ್ಲಿ ಅಳೆದು ಎರಡೂ ತೂತು ಒಟ್ಟಿಗೆ ಹಾಕುವ ಪದ್ಧತಿ ನನಗೆ ಇಷ್ಟವಿಲ್ಲ. ಮೊದಲನೆಯ ಸ್ಕ್ರೂಗೆ ಶೆಲ್ಫ್ ಸಡಿಲವಾಗಿ ತಗುಲಿಸಿ, ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬಂದಾಗ ಇನ್ನೊಂದು ತುದಿಗೆ ಗುರುತು ಹಾಕಿ. ಎರಡು ಮಿಲಿಮೀಟರ್ ಅಳತೆ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಮೊಬೈಲಿನ ರಸಮಟ್ಟವೂ ನಡೆಯುತ್ತದೆ, ಕವರ್ ಬಿಚ್ಚಿ ಇಡಿ.

ಸ್ಕ್ರೂ ಕೊನೆಯ ಸುತ್ತು ಕೈಯಲ್ಲೇ ತಿರುಗಿಸಿ. ಬಿಗಿಯಾಯಿತು ಅನ್ನಿಸಿದ ಕೂಡಲೇ ನಿಲ್ಲಿಸಬೇಕು.

ಇನ್ನು ಆ ಕರ್ಟನ್ ರಾಡ್. ನಾಲ್ಕೈದು ತೂತು ಹಾಕಿ ಕೈ ಕುದುರಿದ ಮೇಲೆ, ಕಿಟಕಿಯ ಅಂಚಿನಿಂದ 8–9 ಇಂಚು ಮೇಲೆ, ಅಂದರೆ ಲಿಂಟಲ್ ದಾಟಿ ಇಟ್ಟಿಗೆಯಲ್ಲಿ ಹಾಕಿ ನೋಡಿ. ಪರದೆ ಸ್ವಲ್ಪ ಉದ್ದ ಬೇಕಾಗುತ್ತದೆ, ಹೊಲಿಸುವ ಮೊದಲೇ ಅಳೆಯಿರಿ. ಈಗಿನ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಎಲ್ಲಾ ಗೋಡೆಯೂ ಕಾಂಕ್ರೀಟೇ, ಅಲ್ಲಿ ನಮ್ಮ ಸಣ್ಣ ಮಷೀನಿಗೆ ಕೆಲಸವಿಲ್ಲ, ರೋಟರಿ ಹ್ಯಾಮರ್ (ಕಾಂಕ್ರೀಟ್ ಕೊರೆಯುವ ದೊಡ್ಡ ಮಷೀನ್) ಇರುವವರನ್ನು ಕರೆಯಿರಿ.

ಬಾಡಿಗೆ ಮನೆಯಾದರೆ ಮೊದಲೇ ಓನರನ್ನು ಒಂದು ಮಾತು ಕೇಳಿ. ಬಿಡುವಾಗ ಪ್ಲಗ್ ಕಿತ್ತು, ವಾಲ್ ಪುಟ್ಟಿಯನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿದರೆ ತೂತು ಇದ್ದ ಗುರುತೂ ಇರುವುದಿಲ್ಲ. ಹೇಗೂ ಪೇಂಟಿಂಗಿಗೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಅದು ಬೇರೆ ಮಾತು.